ಎಮ್ಮೆಗೆ ಹೇಳಿದ ಸಾವಿನ ಮನೆಯ ಪ್ರಾರ್ಥನೆ

ನಮ್ಮ ಸಭೆಯಲ್ಲಿ ತಿಂಗಳ ಕೊನೆಯ ಭಾನುವಾರ ಸಾಕ್ಷಿಯ ಹೊತ್ತು ಇರುತ್ತದೆ. ಪ್ರಸಂಗ ಮುಗಿದ ಮೇಲೆ, ಕಾಣಿಕೆಯ ಚೀಲ ತಿರುಗುವ ಮೊದಲು, ಯಾರಾದರೂ ಇಬ್ಬರು ಮೂವರು ಎದ್ದು ನಿಂತು ದೇವರು ತಮಗೆ ಎಲ್ಲಿ, ಹೇಗೆ ಭೇಟಿಯಾದ ಎಂದು ಹೇಳಬೇಕು. ರೋಣದಲ್ಲಿ ನಮ್ಮ ಕ್ರೈಸ್ತರ ಮನೆಗಳು ಹೆಚ್ಚಿಲ್ಲ. ಹೀಗಾಗಿ ಎಲ್ಲರ ಸಾಕ್ಷಿಯೂ ಎಲ್ಲರಿಗೂ ಬಾಯಿಪಾಠ. ಒಬ್ಬರಿಗೆ ದೇವರು ಜೋಳದ ಹೊಲದಲ್ಲಿ ಹಾವು ಕಚ್ಚಿದಾಗ ಭೇಟಿಯಾದ. ಇನ್ನೊಬ್ಬರಿಗೆ ಸೆರೆ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ. ಹೇಳುವವರು ನಡುವೆ ಮರೆತರೆ ಹಿಂದಿನ ಸಾಲಿನವರು ಎತ್ತಿ ಕೊಡುತ್ತಾರೆ.

ಅವ್ವನ ಸಾಕ್ಷಿ ಹೊಳೆಯದು. ನಾನು ಸಣ್ಣವಳಿದ್ದಾಗ ಅವ್ವ ಮೆಣಸಗಿಯಲ್ಲಿ ನರ್ಸಬಾಯಿಯಾಗಿದ್ದಳು. ಒಂದು ಮಳೆಗಾಲ ಮಲಪ್ರಭೆ ಊರೊಳಗೆ ಬಂತು. ಅವ್ವ ಅದನ್ನು ಹೇಳುವಾಗ ಸೆರಗನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡು ಹೇಳುತ್ತಾಳೆ.

"ಊರಾಗಿನ ಮಂದಿ ದಿಬ್ಬದ ಕಡೆ ಹೋದ್ರು. ನಾವು ಮೂರು ಮಂದಿ ಮನ್ಯಾಗ ಉಳಿದ್ವಿ. ಮೊಣಕಾಲೂರಿ ಕುಂತ್ವಿ. ನೀರು ಒಂದೊಂದ ಮೆಟ್ಟಲಾ ಏರಿ ಬಂತು. ಮ್ಯಾಲಿನ ಮೆಟ್ಟಲಕ ಬಂದು ಅಲ್ಲೇ ನಿಂತುಬಿಟ್ಟಿತು. ಹೊಸ್ತಿಲಾ ದಾಟಲಿಲ್ಲ."

ಇಲ್ಲಿ ಎಲ್ಲರೂ ಹಲ್ಲೆಲೂಯಾ ಅನ್ನುತ್ತಾರೆ. ನಾನೂ ಅನ್ನುತ್ತೇನೆ.

ನನಗಿರುವ ತೊಂದರೆ ಒಂದು ಕಪ್ಪೆ. ಆ ಮನೆಯ ಬಗ್ಗೆ ನನಗೆ ನೆನಪಿರುವುದು ಅಷ್ಟೇ. ನಾನು ಯಾವುದೋ ಎತ್ತರದ ಜಾಗದಲ್ಲಿ ಕೂತಿದ್ದೇನೆ, ಎದುರಿಗೆ ಅಪ್ಪನ ಟ್ರಂಕಿನ ಮೇಲೆ ಒಂದು ಕಪ್ಪೆ ಕೂತಿದೆ, ಅದು ನನ್ನನ್ನು ನೋಡುತ್ತಿದೆ, ಕೆಳಗೆ ನೆಲ ಕಾಣಿಸುವುದಿಲ್ಲ. ಕಪ್ಪೆ ಮನೆಯೊಳಗೆ ಬರಲು ಹೊಳೆಯೇ ಬರಬೇಕೆಂದಿಲ್ಲ, ನಿಜ. ಆದರೆ ನೆಲ ಎಲ್ಲಿ ಹೋಯಿತು? ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೆ ನಾನು ಇದನ್ನು ಪದ್ಧತಿಯ ಪ್ರಕಾರ ತೂಗಿ ನೋಡಿದೆ. ಒಂದು ಕಡೆ ದೊಡ್ಡವರ ಹೇಳಿಕೆ, ವರ್ಷಗಟ್ಟಲೆ ಬದಲಾಗದೆ ಉಳಿದದ್ದು, ಇಡೀ ಸಭೆ ಒಪ್ಪಿದ್ದು. ಇನ್ನೊಂದು ಕಡೆ ಎರಡನೇ ಇಯತ್ತೆಯ ಹುಡುಗಿ ಮತ್ತು ಕಪ್ಪೆ. ಕಪ್ಪೆಯನ್ನು ಕೈಬಿಟ್ಟೆ. ಬೇರೆ ಯಾವುದೋ ಮನೆಯ, ಬೇರೆ ಯಾವುದೋ ಜ್ವರದ ನೆನಪಿರಬೇಕು ಎಂದುಕೊಂಡೆ.

ನನಗೆ ಸ್ವಂತ ಸಾಕ್ಷಿ ಇರಲಿಲ್ಲ. ಕೂಸಿದ್ದಾಗ ದೀಕ್ಷಾಸ್ನಾನವಾಯಿತು, ಹೈಸ್ಕೂಲಿನಲ್ಲಿದ್ದಾಗ ನಂಬಿಕೆಯನ್ನು ನಾನೇ ಒಪ್ಪಿ ಹೇಳುವ ದೃಢೀಕರಣವಾಯಿತು, ಎರಡೂ ಸಲ ಏನೂ ಆಗಲಿಲ್ಲ. ನನ್ನ ಪ್ರಾರ್ಥನೆಗಳು ತಹಶೀಲ್ದಾರರಿಗೆ ಬರೆದ ಅರ್ಜಿಯ ಹಾಗೆ ಇರುತ್ತವೆ. ವಿಷಯ, ಉಲ್ಲೇಖ, ವಿನಂತಿ. ಉತ್ತರ ಬರಲಿಲ್ಲ ಎಂದು ನಾನು ದೂರುವುದಿಲ್ಲ, ಬಂದಿದ್ದರೆ ಗೊತ್ತಾಗುತ್ತಿತ್ತು ಎಂಬ ಭರವಸೆಯೂ ಇಲ್ಲ. ಸಾಕ್ಷಿಯ ಭಾನುವಾರ ನನ್ನ ಸರದಿ ಬಂದಾಗ ನಾನು ಬೈಬಲಿನ ಒಂದು ಕೀರ್ತನೆ ಓದಿ ಕೂರುತ್ತಿದ್ದೆ. ಜನ ಅದಕ್ಕೂ ಆಮೆನ್ ಅನ್ನುತ್ತಿದ್ದರು, ಸ್ವಲ್ಪ ಮೆತ್ತಗೆ.

ಇದು ಬರೀ ನನ್ನ ವಿಷಯವಾಗಿದ್ದರೆ ನಡೆಯುತ್ತಿತ್ತು. ಆದರೆ ನಾನು ಕೊಟ್ಟ ಕೂಸು. ಚಿಕ್ಕಂದಿನಲ್ಲಿ ನನಗೆ ವಿಷಮಜ್ವರ ಬಂದಾಗ ಅವ್ವ, ಇವಳು ಉಳಿದರೆ ನಿನ್ನ ಸೇವೆಗೆ ಕೊಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟಿದ್ದಳು. ನಾನು ಉಳಿದೆ. ಆಮೇಲೆ ನರಗುಂದದ ಕಾಲೇಜಿನಲ್ಲಿ ಇತಿಹಾಸ ಕಲಿಸಲು ಸೇರಿದೆ. ಅವ್ವ ಇದನ್ನು ಮಾತು ಮುರಿದದ್ದು ಎಂದು ಎಂದೂ ಅಂದಿಲ್ಲ. ತಡವಾಗಿದೆ ಅಂತಾಳೆ.

"ದೇವರು ಕಾಯ್ತಾನ," ಎಂದು ಬಳ್ಳೊಳ್ಳಿ ಸುಲಿಯುತ್ತ ಹೇಳುತ್ತಾಳೆ. "ಅಂವಗ ವಯಸ್ಸಾಗಂಗಿಲ್ಲ. ನನಗ ಆಗತೈತಿ."

ನನಗೂ ಬೇಕಿತ್ತು. ಇದನ್ನು ಬರೆದುಬಿಡುವುದು ಒಳ್ಳೆಯದು. ಸಭೆಯಲ್ಲಿ ಹಾವಿನವರು, ಸೆರೆಯವರು ಎದ್ದು ನಿಂತು ಹೇಳುವಾಗ ನನಗೆ ನಗು ಬರುತ್ತಿರಲಿಲ್ಲ, ಹೊಟ್ಟೆಕಿಚ್ಚು ಬರುತ್ತಿತ್ತು. ದೇವರು ನನ್ನನ್ನೂ ಒಮ್ಮೆ ಹೆಸರು ಹಿಡಿದು ಕರೆದಿದ್ದರೆ, ಯಾವ ಕೆಲಸಕ್ಕೆ ಎಂದು ಕೇಳದೆ ಹೋಗುತ್ತಿದ್ದೆ ಎಂದು ನನ್ನ ಅಂದಾಜು. ಅಂದಾಜು ಮಾತ್ರ.

ಹೋದ ವರ್ಷ ಅಪ್ಪ ತೀರಿಕೊಂಡರು. ಆ ದಿನ ಕುರ್ಚಿ, ಪೆಂಡಾಲು, ಬಂದವರಿಗೆ ಚಹಾ ಎಲ್ಲ ನನ್ನ ಪಾಲಿಗಿತ್ತು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಪಡಸಾಲೆಯಲ್ಲಿ ಸಾವಿನ ಮನೆಯ ಪ್ರಾರ್ಥನೆ ಹೇಳುವಾಗ ನಾನು ಹಿತ್ತಲಲ್ಲಿ ನಿಂತು ಬಾಡಿಗೆಗೆ ತಂದ ಲೋಟ ಸಾಲುತ್ತವೋ ಇಲ್ಲವೋ ನೋಡುತ್ತಿದ್ದೆ. ಅಳಲಿಲ್ಲ. ಚಹಾ ಸಾಲಿತು.

ಎಮ್ಮೆಯ ವಿಷಯ ಆದದ್ದು ಅದಾಗಿ ಕೆಲವು ತಿಂಗಳಿಗೆ. ಆರಾಧನೆ ಮುಗಿದಿತ್ತು. ಅಯ್ಯನವರು ಇರುವುದು ಗಜೇಂದ್ರಗಡದಲ್ಲಿ. ಭಾನುವಾರ ಬೆಳಿಗ್ಗೆ ರೋಣ, ಮಧ್ಯಾಹ್ನ ನರಗುಂದ, ನಡುವೆ ಬಸ್ಸು. ಅವರು ಹೋದ ಮೇಲೆ ನಾನು ಜಮಖಾನೆ ಮಡಿಸುತ್ತಿದ್ದೆ. ಬಾಗಿಲ ಹೊರಗೆ ನಮ್ಮ ಓಣಿಯ ಎದುರು ಮನೆಯ ಹೆಣ್ಣುಮಗಳು ಬಂದು ನಿಂತಳು. ಅವಳ ಗಂಡ ಮಂಗಳೂರಿನಲ್ಲಿ ಗೌಂಡಿ ಕೆಲಸದಲ್ಲಿದ್ದಾನೆ. ಇವಳು ಕೂಲಿಗೆ ಹೋಗುತ್ತಾಳೆ, ಒಂದು ಎಮ್ಮೆ ಕಟ್ಟಿದ್ದಾಳೆ, ಹಾಲನ್ನು ಬಸ್‌ಸ್ಟ್ಯಾಂಡಿನ ಚಾದಂಗಡಿಗೆ ಹಾಕುತ್ತಾಳೆ. ನಮ್ಮ ದೇವರವಳಲ್ಲ, ಆದರೆ ಕ್ರಿಸ್‌ಮಸ್ಸಿಗೆ ನಾವು ಕೊಡುವ ಕರ್ಚಿಕಾಯಿ ಒಂದು ವರ್ಷವೂ ತಪ್ಪಿಸಿಲ್ಲ.

"ಅಯ್ಯನೋರು ಎಲ್ಲೆದಾರ್ರೀ ಅಕ್ಕಾರ?"

"ನರಗುಂದದ ಬಸ್ ಹತ್ತಿದ್ರವಾ. ಯಾಕ?"

"ಎಮ್ಮಿಗೆ ಪ್ರಾರ್ಥನಾ ಮಾಡಸೋದಿತ್ತು. ಕರ ಸತ್ತೈತಿ. ಅವತ್ತಿಂದ ಹಾಲು ಇಳಸವಲ್ದು. ಹಿಂಡಾಕ ಕುಂತ್ರ ಒದಿತೈತಿ."

ದನದ ಡಾಕ್ಟರಿಗೆ ತೋರಿಸಿಲ್ಲವೇ ಎಂದು ಕೇಳಿದೆ. ತೋರಿಸಿದ್ದಳು, ಸೂಜಿ ಹಾಕಿದ್ದರು. ದರ್ಗಾದ ದಾರ ಕಟ್ಟಿಸಿದ್ದಳು. ದ್ಯಾಮವ್ವನಿಗೆ ಕಾಯಿ ಒಡೆಸಿದ್ದಳು. ನಮ್ಮದು ನಾಲ್ಕನೆಯ ಸರದಿ.

"ಮುಂದಿನ ವಾರ ಬರ್ತಾರ, ಹೇಳ್ತೀನಿ."

"ಮುಂದಿನ ವಾರದ ತನಕ ಚಾದಂಗಡ್ಯಾಂವ ಕುಂತಿರತಾನೇನ್ರಿ? ನೀವರ ಬರ್ರಿ."

"ನಾ ಅಯ್ಯನೋರಲ್ಲವಾ. ನನಗ ಅದೆಲ್ಲಾ ಬರಂಗಿಲ್ಲ."

"ಕಾಲೇಜಿನಾಗ ಕಲಸ್ತೀರಿ, ಇಷ್ಟ ಬರಂಗಿಲ್ಲೇನ್ರಿ?" ಅಂದಳು. ನಾನು ಮತ್ತೆ ಜಮಖಾನೆಗೆ ಕೈ ಹಾಕಿದ್ದು ನೋಡಿ, "ಅಯ್ಯನೋರು ಬಸ್ಸಿಗೆ ಹೋದ್ರು. ನಿಮ್ಮ ದೇವ್ರೂ ಅವರ ಜೋಡಿ ಬಸ್ಸಿಗೆ ಹೋದನೇನ್ರಿ?"

ಇಂಥ ಪ್ರಶ್ನೆಗೆ ನಮ್ಮ ಧರ್ಮದಲ್ಲಿ ಸ್ಪಷ್ಟ ಉತ್ತರವಿದೆ. ಇಲ್ಲ, ಹೋಗಿಲ್ಲ ಎಂಬುದು ಆ ಉತ್ತರ. ಅದನ್ನು ಕೊಟ್ಟ ಮೇಲೆ ಜಮಖಾನೆ ಮಡಿಸುತ್ತ ನಿಲ್ಲುವ ಹಾಗಿರಲಿಲ್ಲ. ಹೋದೆ.

ದನ ಕಟ್ಟುವ ಆ ಸಣ್ಣ ತಗಡಿನ ಚಪ್ಪರದಲ್ಲಿ ಬಗ್ಗಿ ನಿಲ್ಲಬೇಕಿತ್ತು. ಎಮ್ಮೆ ಗೋದಲಿಯ ಕಡೆ ಮುಖ ಮಾಡಿ ನಿಂತಿತ್ತು, ಅದರಲ್ಲಿ ಹಾಕಿದ ಕಣಕಿಯ ಮೇವು ಮುಟ್ಟಿರಲಿಲ್ಲ. ಕೂಸು ಯೇಸುವನ್ನು ಮಲಗಿಸಿದ ಗೋದಲಿ ಎಂಬ ಮಾತನ್ನು ನಾನು ಪ್ರತಿ ಡಿಸೆಂಬರಿನಲ್ಲಿ ಎಷ್ಟೋ ಸಲ ಓದಿದ್ದೇನೆ, ಮಕ್ಕಳ ಕೈಯಲ್ಲಿ ರಟ್ಟಿನಲ್ಲಿ ಮಾಡಿಸಿದ್ದೇನೆ. ನಿಜವಾದ ಒಂದರ ಹತ್ತಿರ ಹೋದದ್ದು ಅದೇ ಮೊದಲು. ರಟ್ಟಿನದಕ್ಕಿಂತ ವಾಸನೆ ಹೆಚ್ಚು.

ಅಯ್ಯನವರು ಪ್ರಾರ್ಥನೆ ಮಾಡುವಾಗ ತಲೆಯ ಮೇಲೆ ಕೈ ಇಡುತ್ತಾರೆ. ಇದರ ತಲೆಗೆ ಕೋಡುಗಳಿದ್ದವು. ಬೆನ್ನಿನ ಮೇಲೆ ಇಟ್ಟೆ. ಕಣ್ಣು ಮುಚ್ಚಿದೆ. ಏನು ಹೇಳಬೇಕು ಎಂದು ಒಂದು ಮಾತೂ ಹೊಳೆಯಲಿಲ್ಲ. ಅರ್ಜಿಯ ಪ್ರಾರ್ಥನೆ ಕೂಡ ಬರಲಿಲ್ಲ. ಆಮೇಲೆ ತಾನಾಗಿ ಬಾಯಿಗೆ ಬಂದದ್ದು ಸಾವಿನ ಮನೆಯ ಪ್ರಾರ್ಥನೆ. ಸಣ್ಣ ಸಭೆಯವರು ಎಲ್ಲರ ಮಣ್ಣಿಗೂ ಹೋಗಬೇಕಾಗುತ್ತದೆ, ಹೀಗಾಗಿ ನಮಗೆಲ್ಲ ಅದು ಕಿವಿಯಲ್ಲೇ ಇರುತ್ತದೆ. ಅಯ್ಯನವರು ತಮ್ಮ ಮಾತಿನಲ್ಲೇ ಕಟ್ಟಿಕೊಂಡದ್ದು. ಈ ಮನೆಯಲ್ಲಿ ಒಂದು ಜಾಗ ಬರಿದಾಗಿದೆ ತಂದೆಯೇ, ಉಳಿದವರ ಪಕ್ಕದಲ್ಲಿ ನೀನು ಕೂತುಕೋ, ಉಣ್ಣಲು ಮನಸ್ಸಿಲ್ಲದವರಿಗೆ ಉಣ್ಣುವ ಮನಸ್ಸು ಕೊಡು, ಎಂದು ಅದು ಹೋಗುತ್ತದೆ. 'ನಮ್ಮನ್ನು ಅಗಲಿದ ಈ ಸಹೋದರ' ಎನ್ನುವಲ್ಲಿಗೆ ಬಂದಾಗ ನಾನು ಏನು ಹೇಳುತ್ತಿದ್ದೇನೆಂದು ನನಗೆ ಗೊತ್ತಾಯಿತು. ನಡುವೆ ನಿಲ್ಲಿಸಿದರೆ ಆಕೆ ಏನಂದುಕೊಳ್ಳುತ್ತಾಳೋ ಎಂದು ಪೂರ್ತಿ ಹೇಳಿದೆ. ಸತ್ತದ್ದು ಗಂಡುಕರು. ಅಷ್ಟರ ಮಟ್ಟಿಗೆ ತಪ್ಪಾಗಲಿಲ್ಲ.

ಎಮ್ಮೆಯ ಬೆನ್ನು ಬಿಸಿಯಿತ್ತು. ಅದು ಉಸಿರಾಡಿದಂತೆ ನನ್ನ ಕೈ ಮೇಲೆ ಕೆಳಗೆ ಆಗುತ್ತಿತ್ತು. ಆಗ ಆ ಚಪ್ಪರದಲ್ಲಿ ನಾವಲ್ಲದೆ ಇನ್ನೊಬ್ಬರು ಇದ್ದಾರೆ ಅನ್ನಿಸಿತು. ಕಣ್ಣು ತೆರೆದು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಹೆದರಿಕೆಯಾಗಲಿಲ್ಲ. ಅಪ್ಪ ಒಳಕೋಣೆಯಲ್ಲಿ ಪೇಪರು ಓದುತ್ತ ಕೂತಿರುವಾಗ ನಾನು ಪಡಸಾಲೆಯಲ್ಲಿ ಪೇಪರು ತಿದ್ದುತ್ತಿದ್ದರೆ, ಅವರು ಕೆಮ್ಮದಿದ್ದರೂ ಮನೆಯಲ್ಲಿ ಯಾರೋ ಇದ್ದಾರೆ ಎಂದು ಗೊತ್ತಾಗುತ್ತಿತ್ತಲ್ಲ, ಹಾಗೆ. ಇಷ್ಟೇ. ಬೆಳಕು, ದನಿ, ಏನೂ ಇಲ್ಲ.

ಆಕೆ ಚೊಂಬು ಹಿಡಿದು ಕೂತಳು. ಎಮ್ಮೆ ಒದೆಯಲಿಲ್ಲ. ಸ್ವಲ್ಪ ಹೊತ್ತಿಗೆ ಚೊಂಬಿನ ತಳಕ್ಕೆ ಹಾಲಿನ ಸಪ್ಪಳ ಕೇಳಿಸಿತು.

"ಇಳಸ್ತು ನೋಡ್ರಿ," ಅಂದಳು ಆಕೆ, ಬಸ್ಸು ಬಂತು ಅನ್ನುವ ಹಾಗೆ.

ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟು: ಬಿಸಿಲು ಜೋರು. ಜಮಖಾನೆ ಒಗೆಯಬೇಕು. ಎದುರು ಮನೆಯ ಎಮ್ಮೆಗೆ ಪ್ರಾರ್ಥನೆ. ಇನ್ನೊಬ್ಬರು ಇದ್ದಾರೆ ಅನ್ನಿಸಿದ್ದನ್ನು ನಾನು ಬರೆದಿಲ್ಲ. ಬರೆಯಲು ನಾಚಿಕೆಯಾಗಿತ್ತೋ, ಅಥವಾ ಅದು ಆಮೇಲೆ, ಜನ ಕೇಳಲು ಶುರು ಮಾಡಿದ ಮೇಲೆ, ಬೆಳೆದುಕೊಂಡ ಭಾಗವೋ, ನನಗೆ ಹೇಳಲಾಗುವುದಿಲ್ಲ.

ಜನ ಕೇಳಲು ಶುರು ಮಾಡಿದರು. ಎದುರು ಮನೆಯಾಕೆ ದರ್ಗಾ, ದ್ಯಾಮವ್ವ, ಡಾಕ್ಟರು ಎಲ್ಲರಿಗೂ ಅವರವರ ಪಾಲು ಕೊಟ್ಟಳು, ಆದರೆ ಕೊನೆಗೆ ಬಂದವರ ಹೆಸರು ಬಾಯಲ್ಲಿ ಉಳಿಯುತ್ತದೆ. ಎರಡು ವಾರದಲ್ಲಿ ನಾನು ಓಣಿಯಲ್ಲಿ ಎಮ್ಮಿ ಅಕ್ಕಾರು ಆದೆ. ಕಾಲೇಜಿಗೆ ಹೋಗುವಾಗ ನರಗುಂದದ ಬಸ್ಸು ದಾರಿಯ ಊರು ಯಾವಗಲ್ಲಿನಲ್ಲಿ ನಿಂತಾಗ ಕಿಟಕಿಯ ಹೊರಗಿನಿಂದ ಒಬ್ಬ ಮುದುಕ, "ಇವರ ಏನ್ರಿ?" ಎಂದು ಕಂಡಕ್ಟರನ್ನು ಕೇಳಿದ. "ಇವರ," ಅಂದ ಕಂಡಕ್ಟರು. "ಆಕಳಿಗೂ ಮಾಡ್ತಾರೇನ್ರಿ?" "ಕೇಳ್ರಿ, ಬಸ್ ಬಿಡಬೇಕು." ಇತಿಹಾಸವನ್ನು ಇಪ್ಪತ್ತು ಚಿಲ್ಲರೆ ವರ್ಷ ಕಲಿಸಿದರೂ ಆ ಬಸ್ಸಿನಲ್ಲಿ ನನಗೆ ಯಾರೂ ಸೀಟು ಬಿಟ್ಟಿರಲಿಲ್ಲ. ಈಗ ಬಿಡುತ್ತಿದ್ದರು.

ಕರೆದಲ್ಲಿಗೆ ಹೋದೆ. ಬೇರೆ ಪ್ರಾರ್ಥನೆ ಕಲಿತುಕೊಂಡು, ಆರೋಗ್ಯ, ಹಾಲು, ಮೇವು ಎಲ್ಲ ಸೇರಿಸಿ, ಚೆನ್ನಾಗಿಯೇ ಹೇಳಿದೆ. ಕೆಲವು ಎಮ್ಮೆ ಹಾಲು ಇಳಿಸಿದವು. ಕೆಲವು ಇಳಿಸಲಿಲ್ಲ. ಒಂದು ನನ್ನ ಮೊಣಕಾಲಿಗೆ ಒದೆಯಿತು. ಇಳಿಸದ ಎಮ್ಮೆಯವರು ನನ್ನ ಮೇಲೆ ಸಿಟ್ಟಾಗಲಿಲ್ಲ, ಮುಂದಿನ ದೇವರ ಕಡೆ ಹೋದರು. ಇನ್ನೊಬ್ಬರು ಇದ್ದಾರೆ ಎಂದು ಮತ್ತೆ ಎಲ್ಲೂ ಅನ್ನಿಸಲಿಲ್ಲ. ನಾನು ಪ್ರತಿ ಸಲ ಬಾಗಿಲ ಕಡೆ ನೋಡುತ್ತಿದ್ದೆ.

ಅವ್ವ ಇದೆಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. "ಕೊಟ್ಟ ಮಾತು ಹ್ಯಾಂಗರ ಮಾಡಿ ನಡಸ್ತಾನ," ಅಂದಳು. "ನಾ ದವಾಖಾನಿ ಅಂದ್ಕೊಂಡಿದ್ನಿ, ಇಲ್ಲಾ ಹುಡಗೂರ ಹಾಸ್ಟೆಲ್ ಅಂದ್ಕೊಂಡಿದ್ನಿ. ಎಮ್ಮಿ ಅಂದ್ಕೊಂಡಿರಲಿಲ್ಲ."

ಅಯ್ಯನವರು ಒಂದು ಭಾನುವಾರ ಬಸ್ಸು ಬಿಟ್ಟು ನಮ್ಮ ಮನೆಗೆ ಊಟಕ್ಕೆ ಬಂದರು. ನನಗಿಂತ ಚಿಕ್ಕವರು, ಮಾತಿನಲ್ಲಿ ನಿಧಾನ. ಬದನೆಕಾಯಿ ಎಣಗಾಯಿ ಮುಗಿಯುವವರೆಗೆ ಮಳೆಯ ಬಗ್ಗೆ ಮಾತಾಡಿದರು.

"ಮೇಡಂ, ಕಾಲ ಚಲೋ ಇಲ್ಲ," ಎಂದು ಶುರು ಮಾಡಿದರು. "ಮಂದಿ ಮನಿಗೆ ಹೋಗಿ ಪ್ರಾರ್ಥನಾ ಅಂದ್ರ ಒಬ್ಬರು ಒಂದಂತಾರ."

"ನಾ ಮಂದಿ ಮನಿಗೆ ಹೋಗಿಲ್ರಿ. ಹಿತ್ತಲಕ್ಕ ಹೋಗೇನಿ."

"ಅದೂ ಖರೇ," ಅಂದು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. "ಬ್ಯಾಡ ಅನ್ನಾಕ ಬಂದಿಲ್ಲ ನಾನು. ಗಜೇಂದ್ರಗಡದಾಗ ಉಜ್ಜೀವನ ಕೂಟ ಐತಿ. ಹೊರಗಿಂದ ಭಾಷಣಕಾರರು ಬರ್ತಾರ. ಕಡೀ ದಿನ ನಮ್ಮ ಕಡಿಯವರದೂ ಒಂದು ಸಾಕ್ಷಿ ಇರಲಿ ಅಂತಾರ ಹಿರಿಯರು. ನಿಮ್ಮ ಹೆಸರು ಬಂತು."

ಅವ್ವ ಸೌಟು ಹಿಡಿದು ಅಲ್ಲೇ ನಿಂತಳು.

"ಏನಂತ ಹೇಳಲ್ರಿ?" ಅಂದೆ.

"ದೇವರು ನಿಮ್ಮನ್ನ ಹ್ಯಾಂಗ ಕರದ ಅಂತ. ಅಷ್ಟ."

"ಕರದನೋ ಇಲ್ಲೋ ನನಗ ಗೊತ್ತಿಲ್ಲಲ್ರಿ."

ಅಯ್ಯನವರು ನನ್ನನ್ನು ನೋಡಿದರು. "ಕೂಟಕ್ಕ ಇನ್ನೂ ಹತ್ತು ದಿನ ಐತ್ರಿ," ಅಂದರು.

ಹೀಗೆ ನನ್ನ ಮುಂದೆ ಒಂದೇ ಕೆಲಸ ಉಳಿಯಿತು. ಆ ಚಪ್ಪರದಲ್ಲಿ ನಿಜವಾಗಿ ಏನಾಯಿತು ಎಂದು ತಿಳಿದುಕೊಳ್ಳಬೇಕು. ದೇವರು ನನ್ನನ್ನು ಕರೆದಿದ್ದರೆ ಅಲ್ಲೇ ಕರೆದಿರಬೇಕು, ಬೇರೆ ಜಾಗ ನನ್ನ ಹತ್ತಿರ ಇರಲಿಲ್ಲ. ಕರೆದಿಲ್ಲವಾದರೆ ಅವ್ವನ ಎದುರು, ಮೂರು ತಾಲೂಕಿನ ಜನರ ಎದುರು, ಕರೆದ ಎಂದು ಹೇಳುವ ಹಾಗಿರಲಿಲ್ಲ. ನಾನು ಕಲಿತ ವಿದ್ಯೆಯ ಪ್ರಕಾರ ಸಾಕ್ಷಿದಾರರನ್ನು ಕೇಳಿದೆ. ಇದ್ದದ್ದು ಒಬ್ಬಳೇ.

ಎದುರು ಮನೆಯಾಕೆ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು.

"ಅವತ್ತು ನಾ ಏನು ಮಾಡಿದ್ನಿ, ನೆನಪೈತೇನವಾ?"

"ಯಾಕಿಲ್ರಿ. ಬಂದ್ರಿ. ಕೈ ಇಟ್ರಿ. ಹಾಡಿದ್ರಿ."

"ಹಾಡಿಲ್ಲ."

"ಹಾಡಿದ್ರಿ ಅಕ್ಕಾರ. ಚಲೋ ಹಾಡಿದ್ರಿ."

ನಾನು ಸಭೆಯಲ್ಲೂ ತುಟಿ ಮಾತ್ರ ಆಡಿಸುವವಳು. ಶಾಲೆಯಲ್ಲಿ ನನ್ನನ್ನು ಹಾಡಿನ ಗುಂಪಿನಿಂದ ಬಿಡಿಸಿ ಬಾವುಟ ಹಿಡಿಯಲು ಹಾಕಿದ್ದರು. "ಆಮ್ಯಾಲ?" ಅಂದೆ.

"ಆಮ್ಯಾಲ ಅತ್ರಿ."

"ಯಾರು?"

"ನೀವಾ. ಎಮ್ಮಿ ಬೆನ್ನಮ್ಯಾಲ ಹಣಿ ಇಟ್ಟು ಅತ್ರಿ. ನಾ ಸುಮ್ನ ನಿಂತಿದ್ನಿ. ಅಪ್ಪನ್ನ ನೆನಸ್ಕೊಂಡಿರಬೇಕು ಅಂದ್ಕೊಂಡ್ನಿ." ಎರಡು ಶೇಂಗಾ ಕಾಳು ನನ್ನ ಕೈಗೆ ಹಾಕಿದಳು. "ಬಿಳೇ ಸೀರಿ ಉಟ್ಟಿದ್ರಿ."

ನನ್ನ ಹತ್ತಿರ ಬಿಳಿ ಸೀರೆ ಇಲ್ಲ. ಅವ್ವನ ಹತ್ತಿರ ಇದೆ.

ಮನೆಗೆ ಬಂದು ಕೂತೆ. ಹಾಡಿದ್ದು ಸುಳ್ಳು, ಸೀರೆ ಸುಳ್ಳು. ಮೂರರಲ್ಲಿ ಎರಡು ಸುಳ್ಳು ಹೇಳಿದ ಸಾಕ್ಷಿದಾರಳ ಮೂರನೆಯ ಮಾತನ್ನು ಯಾವ ಇತಿಹಾಸಕಾರನೂ ಹಿಡಿಯುವುದಿಲ್ಲ. ಅತ್ತ ನೆನಪು ನನಗೆ ಇಲ್ಲ. ಎಮ್ಮೆಯ ಬೆನ್ನಿನ ಬಿಸಿ ಕೈಗಷ್ಟೇ ಇತ್ತೋ, ಹಣೆಗೂ ಇತ್ತೋ ಎಂದು ಯೋಚಿಸಿದೆ. ಯೋಚಿಸಿದ ಕೂಡಲೇ ಹಣೆಗೂ ಬಿಸಿಯಾಯಿತು. ನೆನಪಿನ ಜೊತೆ ಇದೇ ಕಷ್ಟ, ಕೇಳಿದ್ದನ್ನೆಲ್ಲ ತಂದುಕೊಡುತ್ತದೆ.

ಕೂಟದ ದಿನ ಅವ್ವ ಮತ್ತು ನಾನು ಸಂಜೆಯ ಬಸ್ಸಿಗೆ ಗಜೇಂದ್ರಗಡಕ್ಕೆ ಹೋದೆವು. ಜಕ್ಕಲಿ ದಾಟಿದ ಮೇಲೆ ಅವ್ವ, "ಗಟ್ಟ್ಯಾಗಿ ಹೇಳು. ಸ್ಪಷ್ಟ ಹೇಳು. ಕೈ ಆಡಸಬ್ಯಾಡ," ಅಂದಳು. ಗುಡ್ಡದ ಕೆಳಗೆ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ನನ್ನ ಮೊದಲು ಹೊರಗಿನ ಭಾಷಣಕಾರರೊಬ್ಬರು ತಮ್ಮ ಸಾಕ್ಷಿ ಹೇಳಿದರು. ಅದರಲ್ಲಿ ಲಾರಿ ಇತ್ತು, ಕಂದಕ ಇತ್ತು, ಲಾರಿ ಕಂದಕದ ಅಂಚಿನಲ್ಲಿ ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ನನ್ನನ್ನು ಕರೆದರು.

ಮೈಕು ನನ್ನ ಎತ್ತರಕ್ಕೆ ಇಳಿಸುವವರೆಗೆ ಕಾದೆ. ನಂತರ ಹೀಗೆ ಹೇಳಿದೆ. ನಮ್ಮ ಎದುರು ಮನೆಯವರ ಎಮ್ಮೆಯ ಕರು ಸತ್ತಿತ್ತು. ನನಗೆ ಪ್ರಾರ್ಥನೆ ಹೊಳೆಯಲಿಲ್ಲ, ತಪ್ಪಿ ಸಾವಿನ ಮನೆಯದು ಹೇಳಿದೆ. ಎಮ್ಮೆ ಹಾಲು ಇಳಿಸಿತು. ಸೂಜಿಯ ಗುಣವೂ ಇರಬಹುದು. ಆಮೇಲೆ ಸರಿಯಾದ ಪ್ರಾರ್ಥನೆ ಕಲಿತು ಹೋದಲ್ಲಿ ಕೆಲವು ಇಳಿಸಿದವು, ಕೆಲವು ಇಳಿಸಲಿಲ್ಲ. ಅವತ್ತು ಒಂದು ಗಳಿಗೆ ಅಲ್ಲಿ ಇನ್ನೊಬ್ಬರು ಇದ್ದಾರೆ ಅನ್ನಿಸಿತು. ಅದು ದೇವರೋ, ನಮ್ಮ ಅಪ್ಪನ ನೆನಪೋ, ನಾನು ಆಮೇಲೆ ಸೇರಿಸಿಕೊಂಡದ್ದೋ ನನಗೆ ಗೊತ್ತಿಲ್ಲ. ನನಗೆ ಕರೆ ಬಂದಿದೆ ಎಂದು ಹೇಳಲು ನನಗೆ ಆಗುವುದಿಲ್ಲ. ಬಂದಿಲ್ಲ ಎಂದು ಹೇಳಲೂ ಆಗುವುದಿಲ್ಲ.

ಹಿಂದಿನಿಂದ ಯಾರೋ ರೂಢಿಯ ಮೇಲೆ ಹಲ್ಲೆಲೂಯಾ ಅಂದು, ಒಬ್ಬರೇ ಅಂದದ್ದು ಗೊತ್ತಾಗಿ ಕೆಮ್ಮಿದರು. ಕೀಬೋರ್ಡಿನವ ಹಾಡು ಶುರು ಮಾಡಿದ.

ಇಳಿದು ಬಂದಾಗ ಅಯ್ಯನವರು ನನಗೆ ನೀರಿನ ಬಾಟಲಿ ಕೊಟ್ಟರು. "ಕಂಡದ್ದು ಹೇಳೋದಕ್ಕ ಸಾಕ್ಷಿ ಅಂತಾರ್ರಿ ಮೇಡಂ," ಅಂದರು. "ನೀವು ಕಾಣಲಾರದ್ದೂ ಹೇಳಿಬಂದ್ರಿ." ಬೈದರೋ ಹೊಗಳಿದರೋ ತಿಳಿಯಲಿಲ್ಲ. ಅವರಿಗೂ ತಿಳಿದಂತಿರಲಿಲ್ಲ.

ಮರಳಿ ಬರುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆಗೆ ಬಂದ ಮೇಲೂ ಎರಡು ದಿನ ನನ್ನ ಜೊತೆ ಅಡಿಗೆಯ ಮಾತು ಮಾತ್ರ ಆಡಿದಳು. ಉಪ್ಪು ಐತಿ, ಹಾಲು ಉಕ್ಕಿತು, ಇಂಥವು. ಅವಳು ದೇವರಿಗೆ ಒಂದು ಕೂಸನ್ನು ಕೊಟ್ಟಿದ್ದಳು, ಅದು ಮುಟ್ಟಿದೆಯೋ ಇಲ್ಲವೋ ಎಂದು ಇಷ್ಟು ವರ್ಷ ಕಾದಿದ್ದಳು. ನಾನು ಮೈಕಿನಲ್ಲಿ ಗೊತ್ತಿಲ್ಲ ಅಂದಿದ್ದೆ. ಆಮೇಲೆ ಯಾರೂ ಎಮ್ಮೆಗೆ ಕರೆಯಲೂ ಇಲ್ಲ. ಬಸ್ಸಿನಲ್ಲಿ ಮತ್ತೆ ನಿಂತುಕೊಂಡು ಹೋಗತೊಡಗಿದೆ.

ತಿಂಗಳ ಕೊನೆಯ ಭಾನುವಾರ ಬಂತು. ಸಾಕ್ಷಿಯ ಹೊತ್ತಿಗೆ ಅವ್ವ ಎದ್ದಳು. ಸೆರಗನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡಳು. ಊರಾಗಿನ ಮಂದಿ ದಿಬ್ಬದ ಕಡೆ ಹೋದ್ರು, ಎಂದು ಶುರುವಾಯಿತು. ಮೂರು ಮಂದಿ ಉಳಿದ್ವಿ. ಮೊಣಕಾಲೂರಿ ಕುಂತ್ವಿ. ನೀರು ಒಂದೊಂದ ಮೆಟ್ಟಲಾ ಏರಿ ಬಂತು. ಮ್ಯಾಲಿನ ಮೆಟ್ಟಲಕ ಬಂತು.

ಇಲ್ಲಿ ಅವ್ವ ನಿಂತಳು. ಮರೆತಳೆಂದು ಹಿಂದಿನ ಸಾಲಿನವರು, "ನಿಂತುಬಿಟ್ಟಿತು," ಎಂದು ಎತ್ತಿ ಕೊಟ್ಟರು.

"ನಿಂದರಲಿಲ್ಲ," ಅಂದಳು ಅವ್ವ. "ಒಳಗ ಬಂತು. ಹಿಟ್ಟಿನ ಡಬ್ಬಿ ತೇಲಾಡಿತು. ಮೊಣಕಾಲೂರಿದವ್ರು ಎದ್ದು ಪಲ್ಲಂಗದ ಮ್ಯಾಲ ಹತ್ತಿದ್ವಿ. ಪಲ್ಲಂಗಕ್ಕೂ ಬಂತು. ಇವರಪ್ಪ ಇಕೀನ್ನ ಎತ್ತಿ ಅಟ್ಟದ ಮ್ಯಾಲ ಕೂಡ್ಸಿದ್ರು, ಟ್ರಂಕಾನೂ ಅಲ್ಲೇ ಇಟ್ರು. ರಾತ್ರಿ ಎಲ್ಲಾ ನಾವಿಬ್ರೂ ನೀರಾಗ ನಿಂತಿದ್ವಿ. ಪ್ರಾರ್ಥನಾ ಮಾಡಿದ್ನೋ ಇಲ್ಲೋ ನೆನಪಿಲ್ಲ. ಇವರಪ್ಪ ನನ್ನ ಕೈ ಹಿಡದಿದ್ರು. ಬೆಳಗಾದ ಮ್ಯಾಲ ದೋಣಿ ಬಂತು."

ಇಷ್ಟು ಹೇಳಿ ಕೂತಳು. ಯಾರೂ ಹಲ್ಲೆಲೂಯಾ ಅನ್ನಲಿಲ್ಲ, ಎಲ್ಲಿ ಅನ್ನಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಯ್ಯನವರು ಕಾಣಿಕೆಯ ಚೀಲದ ಕಡೆ ಕೈ ತೋರಿಸುವುದನ್ನು ಮರೆತು ನಿಂತರು.

ನಾನು ಅವ್ವನ ಕಿವಿಯಲ್ಲಿ ಕೇಳಿದೆ. "ಟ್ರಂಕಿನ ಮ್ಯಾಲ ಕಪ್ಪಿ ಇತ್ತೇನವಾ?"

"ಇತ್ತು," ಅಂದಳು. "ಸುಮ್ನ ಕುಂದರು."

ಕಪ್ಪೆಯ ಬಗ್ಗೆ ಚಿಕ್ಕಂದಿನಲ್ಲಿ ನಾನೇ ಅವಳಿಗೆ ಹೇಳಿರಬಹುದು. ಅಥವಾ ನನ್ನನ್ನು ಸುಮ್ಮನಾಗಿಸಲು ಇತ್ತು ಅಂದಿರಬಹುದು. ಎರಡೂ ಸಾಧ್ಯ. ಆದರೂ ನಾನು ಆ ಕಪ್ಪೆಯನ್ನು ಮರಳಿ ತೆಗೆದುಕೊಂಡೆ.

ಆರಾಧನೆ ಮುಗಿದು ಅಯ್ಯನವರು ಬಸ್ಸಿಗೆ ಹೋದ ಮೇಲೆ ಎದುರು ಮನೆಯಾಕೆ ಮತ್ತೆ ಬಾಗಿಲಲ್ಲಿ ಬಂದು ನಿಂತಳು. ಯಾವಗಲ್ಲಿನಲ್ಲಿರುವ ಅವಳ ಅಕ್ಕ ಫೋನು ಮಾಡಿದ್ದಳಂತೆ. ಕರು ಹುಟ್ಟಿದ ಮರುದಿನವೇ ಸತ್ತಿದೆ, ಎಮ್ಮೆ ನೀರು ಸಹ ಮುಟ್ಟುತ್ತಿಲ್ಲ.

"ನನ್ನಿಂದ ಏನೂ ಆಗಂಗಿಲ್ಲವಾ," ಅಂದೆ. "ಗಜೇಂದ್ರಗಡದಾಗ ಹೇಳಿಬಂದೇನಿ."

"ಆಗಲಿ ಬಿಡ್ರಿ. ಕರ ಸತ್ತೈತಲ್ಲ. ಬರ್ರಿ."

ಅವ್ವ ಜಮಖಾನೆಯ ಇನ್ನೊಂದು ತುದಿ ಹಿಡಿದು ನಿಂತಿದ್ದಳು. "ಇದನ್ನ ನಾ ಮಡಸ್ತೀನಿ," ಅಂದಳು. "ಬಸ್ ಐತೇನು ನೋಡು."

ಬಸ್ಸು ಇತ್ತು. ಯಾವಗಲ್ಲಿನ ಆ ಮನೆಯಲ್ಲಿ ಅಕ್ಕ ಎನ್ನುವವಳು ನನಗೆ ಕಾಲಿಗೆ ನೀರು ಕೊಟ್ಟು, ಹಿತ್ತಲಿಗೆ ಕರೆದುಕೊಂಡು ಹೋದಳು. ಎಮ್ಮೆ ಗೋದಲಿಯ ಕಡೆ ಮುಖ ಮಾಡಿ ನಿಂತಿತ್ತು. ಕಲಿತ ಪ್ರಾರ್ಥನೆಯನ್ನು ಬಿಟ್ಟು, ಸಾವಿನ ಮನೆಯದನ್ನೇ, ಈ ಸಲ ಗೊತ್ತಿದ್ದೇ ಹೇಳಿದೆ. ಆಮೆನ್ ಅಂದ ಮೇಲೂ ಆಕೆ ಕದಲಲಿಲ್ಲ.

"ಹಾಡಂಗಿಲ್ಲೇನ್ರಿ?" ಅಂದಳು. "ತಂಗಿ ಹೇಳಿದ್ಲು, ಚಲೋ ಹಾಡ್ತಾರ ಅಂತ."

ನನಗೆ ಬರುವುದಿಲ್ಲ ಎಂದು ಹೇಳಬಹುದಿತ್ತು. ಅದು ಖರೆಯೂ ಆಗಿತ್ತು. ಎಮ್ಮೆಯ ಬೆನ್ನಿನ ಮೇಲೆ ಕೈ ಹಾಗೇ ಇತ್ತು. ಸಾವಿನ ಮನೆಯಲ್ಲಿ ನಮ್ಮವರು ಹಾಡುವ ಒಂದು ಹಾಡಿದೆ, ಅಪ್ಪನಿಗೂ ಹಾಡಿದ್ದರು, ನಾನು ಆಗ ಲೋಟ ಎಣಿಸುತ್ತಿದ್ದೆ. ಅದನ್ನು ಹಾಡಿದೆ. ಎರಡನೆಯ ಚರಣ ಬರಲಿಲ್ಲ, ಮೊದಲನೆಯದನ್ನೇ ಇನ್ನೊಂದು ಸಲ ಹಾಡಿದೆ. ಕಣ್ಣು ಮುಚ್ಚಿದ್ದರಿಂದ ಬಾಗಿಲ ಕಡೆ ನೋಡಲಿಲ್ಲ.

ಹಾಲು ಇಳಿಸಿತೋ ಇಲ್ಲವೋ ಗೊತ್ತಿಲ್ಲ. ಆಕೆ ಚೊಂಬು ತರಲು ಒಳಗೆ ಹೋಗಿದ್ದಳು, ಅಷ್ಟರಲ್ಲಿ ರೋಣದ ಬಸ್ಸಿನ ಹಾರ್ನ್ ಕೇಳಿಸಿತು.